ಕೋಟೋದ ಎಡಗಡೆ ಕೂತವಳು

ಆ ವರ್ಷ ನಮ್ಮ ವಿಭಾಗದಲ್ಲಿ ಮೂವರು ಮಾಡಬೇಕಾದ ಕೆಲಸವನ್ನು ಇಬ್ಬರು ಮಾಡುತ್ತಿದ್ದೆವು. ಮೂರನೆಯವಳು ಆಸ್ಟ್ರೇಲಿಯಾಕ್ಕೆ ಹೋಗಿಬಿಟ್ಟಿದ್ದಳು. ಅವಳ ಜಾಗಕ್ಕೆ ಜನ ಹುಡುಕುತ್ತಿದ್ದೇವೆ ಎಂದು ಮೇಲಿನವರು ಹೇಳುತ್ತಲೇ ಇದ್ದರು. ನಾವು ಕೇಳುವುದನ್ನು ಬಿಟ್ಟಿದ್ದೆವು. ನಾನು ಫಿಸಿಯೋಥೆರಪಿಸ್ಟ್, ಅದರಲ್ಲೂ ಕೈಗಳಿಗೆ ಮಾತ್ರ. ಮುರಿದು ಕೂಡಿದ ಮಣಿಕಟ್ಟು, ಗರಗಸಕ್ಕೆ ಸಿಕ್ಕಿ ಹೊಲಿಗೆ ಹಾಕಿಸಿಕೊಂಡ ಬೆರಳು, ಸಂಧಿವಾತದಿಂದ ಸೊಟ್ಟಗಾದ ಹೆಬ್ಬೆರಳು, ಇವೆಲ್ಲ ಮತ್ತೆ ಒಂದು ಲೋಟ ಎತ್ತುವಷ್ಟು, ಒಂದು ಗುಂಡಿ ಹಾಕುವಷ್ಟು ಆಗುವ ಹಾಗೆ ಮಾಡುವುದು ನನ್ನ ಕೆಲಸ. ಮೈಸೂರಿನಲ್ಲಿ ಓದಿ, ಇಲ್ಲಿ ಬಂದು ಮತ್ತೆ ಪರೀಕ್ಷೆ ಬರೆದು, ಹದಿನೈದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಬೆಳಿಗ್ಗೆ ವೆಲ್ಲಿಂಗ್ಟನ್ನಿನಿಂದ ರೈಲು ಹಿಡಿದು ಕಣಿವೆಯ ಆಸ್ಪತ್ರೆಗೆ ಹೋದರೆ, ಸಂಜೆ ಅದೇ ರೈಲಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ವಾಪಸು. ನನ್ನದೇ ಹೆಬ್ಬೆರಳ ಬುಡ ಆಗಾಗ ನೋಯುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ವೆಲ್ಲಿಂಗ್ಟನ್ನಿನಲ್ಲಿ ಗಾಳಿ ಎದ್ದರೆ ಕೆಲವು ವಾರ ಬಿಟ್ಟು, ಬಿದ್ದು ಕೈ ಮುರಿದುಕೊಂಡವರಿಂದ ನಮ್ಮ ಕ್ಲಿನಿಕ್ಕಿನ ಬೆಂಚು ತುಂಬುತ್ತದೆ. ಆಕೆಯೂ ಹಾಗೆ ಬಂದವರೇ. ಅರವತ್ತೆಂಟು ವರ್ಷದ ಜಪಾನಿ ಹೆಂಗಸು, ಸಣ್ಣ ಮೈಕಟ್ಟು, ಗಿಡ್ಡಗೆ ಕತ್ತರಿಸಿದ ಬಿಳಿ ಕೂದಲು. ಮೂವತ್ತು ವರ್ಷದಿಂದ ಈ ಊರಲ್ಲೇ ಇದ್ದವರು. ಗಂಡ ತೀರಿಕೊಂಡಿದ್ದರು. ದಕ್ಷಿಣದ ಗಾಳಿ ಬೀಸುತ್ತಿದ್ದ ಒಂದು ಬೆಳಿಗ್ಗೆ ರೀಸೈಕ್ಲಿಂಗ್ ಡಬ್ಬ ಹಿಡಿದು ಮನೆಯ ಮೆಟ್ಟಿಲಿಳಿಯುವಾಗ ಡಬ್ಬವನ್ನು ಗಾಳಿ ಕಿತ್ತುಕೊಂಡಿತು, ಡಬ್ಬದ ಹಿಂದೆಯೇ ಅವರೂ ಹೋದರು. ಎಡಗೈಯ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡು, ಅದನ್ನು ತೆಗೆಸಿದ ಮಾರನೆಯ ದಿನ ನನ್ನ ಮುಂದೆ ಕೂತಿದ್ದರು. ಫೈಲಿನಲ್ಲಿ ಉದ್ಯೋಗ ಎನ್ನುವಲ್ಲಿ ಸಂಗೀತ ಶಿಕ್ಷಕಿ ಎಂದಿತ್ತು. ಪಿಯಾನೋ ಇರಬೇಕು ಎಂದುಕೊಂಡೆ.

ಮೊದಲ ದಿನ ನಾನು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: ಈ ಕೈಯಿಂದ ನಿಮಗೆ ಏನು ಮಾಡಬೇಕಾಗಿದೆ? ಬಟ್ಟೆ ಒಣಗಿಸಬೇಕು, ಕಾರು ಓಡಿಸಬೇಕು, ಮೊಮ್ಮಗುವನ್ನು ಎತ್ತಬೇಕು ಎನ್ನುತ್ತಾರೆ. ಆಕೆ ಊದಿ ಬಿಗಿದಿದ್ದ ಕೈಯನ್ನು ಮೇಜಿನ ಮೇಲಿಟ್ಟು, ತೋರುಬೆರಳು ಮತ್ತು ಮಧ್ಯದ ಬೆರಳು ಎರಡನ್ನೂ ಜೋಡಿಸಿ ಕೆಳಕ್ಕೆ ಒತ್ತಲು ನೋಡಿದರು. ಮುಖ ಕಿವುಚಿಕೊಂಡಿತು. ಇದು ಆಗಬೇಕು ಎಂದರು.

ನನಗೆ ಒಂದು ಕ್ಷಣ ಬೇಕಾಯಿತು. ನಾನು ಎಂಟನೇ ವಯಸ್ಸಿನಿಂದ ಹದಿನೆಂಟರವರೆಗೆ ವೀಣೆ ಕಲಿತವಳು. ಕಾಲೇಜು ಸೇರಿದ ಮೇಲೆ ಬಿಟ್ಟವಳು ಮತ್ತೆ ಮುಟ್ಟಲಿಲ್ಲ. ಆದರೂ ಎರಡು ಬೆರಳು ಜೋಡಿಸಿ ತಂತಿಯನ್ನು ಒತ್ತಿ ಸ್ವರವನ್ನು ಮೇಲಕ್ಕೆ ತರುವ ಕೈ ಹೇಗಿರುತ್ತದೆ ಎನ್ನುವುದು ಮರೆಯುವಂಥದಲ್ಲ. ಅಂಥದೇ ಕೈಯನ್ನು ಜಪಾನಿನ ಕೋಟೋ ನುಡಿಸುವವರ ವೀಡಿಯೋದಲ್ಲೂ ನೋಡಿದ್ದೆ. ನೀವು ಕೋಟೋ ನುಡಿಸುತ್ತೀರಾ ಎಂದು ಕೇಳಿದೆ. ಆಕೆ ಮೊದಲ ಬಾರಿಗೆ ನನ್ನ ಮುಖ ನೋಡಿದರು. ಈ ದೇಶದ ಆಸ್ಪತ್ರೆಯೊಂದರಲ್ಲಿ ಆ ಹೆಸರನ್ನು ತಾನು ಹೇಳುವ ಮೊದಲೇ ಇನ್ನೊಬ್ಬರು ಹೇಳಿದ್ದು ಇದೇ ಮೊದಲು ಎಂದರು.

ಕೋಟೋ ಆಳುದ್ದದ ವಾದ್ಯ. ಹಗುರ ಮರದ ಉದ್ದನೆಯ ಪೆಟ್ಟಿಗೆಯ ಮೇಲೆ ಹದಿಮೂರು ತಂತಿ. ಪ್ರತಿ ತಂತಿಯ ಕೆಳಗೂ ಅದನ್ನು ಎತ್ತಿ ಹಿಡಿಯುವ ಒಂದೊಂದು ಕುದುರೆ. ನಮ್ಮ ವೀಣೆಯ ಕುದುರೆ ಒಂದೇ ಕಡೆ ಕೂತಿರುತ್ತದೆ, ಕೋಟೋದಲ್ಲಿ ಒಂದೊಂದನ್ನೂ ಸರಿಸಿ ಶ್ರುತಿ ಮಾಡಿಕೊಳ್ಳುತ್ತಾರೆ. ವೀಣೆಯ ಹಾಗೆ ಮೆಟ್ಟಿಲುಗಳಿಲ್ಲ. ಕುದುರೆಯ ಬಲಗಡೆ ಬಲಗೈ ಮೀಟುತ್ತದೆ, ಎಡಗಡೆ ಎಡಗೈ ತಂತಿಯನ್ನು ಅದುಮಿದರೆ ಸ್ವರ ಏರುತ್ತದೆ. ಸ್ವಲ್ಪ ಅದುಮಿದರೆ ಅರ್ಧ ಸ್ವರ, ಚೆನ್ನಾಗಿ ಅದುಮಿದರೆ ಪೂರ್ತಿ ಸ್ವರ. ಎಡಗೈ ಇಲ್ಲದಿದ್ದರೆ ಕೋಟೋ ಹದಿಮೂರೇ ಸ್ವರದ ವಾದ್ಯ.

ಆಕೆಗೆ ಅವಸರವಿತ್ತು. ವಿಶ್ವವಿದ್ಯಾಲಯವೊಂದರಲ್ಲಿ ಅರೆಕಾಲಿಕವಾಗಿ ಪಾಠ ಮಾಡುತ್ತಿದ್ದ ನಲವತ್ತರ ಆಸುಪಾಸಿನ ನ್ಯೂಜಿಲೆಂಡಿನ ಹೆಂಗಸೊಬ್ಬಳು ಕೋಟೋಗೆಂದು ಹೊಸ ರಚನೆ ಮಾಡಿದ್ದಳು. ಜೊತೆಯಲ್ಲಿ ಎರಡು ಪಿಟೀಲು, ಅದೇ ಜಾತಿಯ ದೊಡ್ಡ ವಾದ್ಯಗಳಾದ ಒಂದು ವಿಯೋಲಾ, ಒಂದು ಚೆಲ್ಲೋ. ಮೂರು ಭಾಗ, ಸುಮಾರು ಇಪ್ಪತ್ತೈದು ನಿಮಿಷ. ಆಕೆ ಅದನ್ನು ನುಡಿಸಬೇಕಿದ್ದ ಸಂಗೀತ ಕಛೇರಿಗೆ ಹದಿನಾರು ವಾರ ಬಾಕಿ. ನೋಡೋಣ ಎಂದೆ. ಆ ದಿನ ಅದೇ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದೆನೋ.

ವಾರಕ್ಕೊಮ್ಮೆ ಬರತೊಡಗಿದರು. ಬಿಸಿನೀರಲ್ಲಿ ಕೈ ಅದ್ದುವುದು, ಬೆರಳು ಮಡಚುವುದು, ಮಣಿಕಟ್ಟನ್ನು ಹಿಂದಕ್ಕೆ ಬಾಗಿಸುವುದು. ಹೇಳಿದ್ದನ್ನು ಹೇಳಿದಷ್ಟೇ ಸಲ ಮಾಡಿಕೊಂಡು ಬರುತ್ತಿದ್ದ ಒಬ್ಬರೇ ರೋಗಿ ಅವರು. ಒಮ್ಮೆ ತಂತಿ ಒತ್ತಲು ಎಷ್ಟು ಬಲ ಬೇಕು ಎಂದು ಕೇಳಿದೆ. ಅವರಿಗೆ ಹೇಳಲು ಬರಲಿಲ್ಲ, ವಾದ್ಯವನ್ನು ಬಸ್ಸಿನಲ್ಲಿ ತರುವ ಹಾಗೂ ಇರಲಿಲ್ಲ. ಮ್ಯಾನೇಜರಿಗೆ ಹೇಳಿ, ಒಂದು ಶನಿವಾರ ನಾನೇ ಹೋದೆ. ಗುಡ್ಡದ ಮೇಲಿನ ಚರ್ಚಿನ ಹಿಂದಿನ ಹಾಲಿನಲ್ಲಿ ಅವರ ಅಭ್ಯಾಸ. ಚೀಲದಲ್ಲಿ ನಮ್ಮ ಅಡುಗೆಮನೆಯ ಡಿಜಿಟಲ್ ತಕ್ಕಡಿ ಇಟ್ಟುಕೊಂಡಿದ್ದೆ. ಆಕೆ ಬಲಗೈಯಿಂದ ತಂತಿಯನ್ನು ಒಮ್ಮೆ ಒತ್ತಿ ಅಂದಾಜು ಹಿಡಿದು, ಅದೇ ಬಲದಲ್ಲಿ ತಕ್ಕಡಿಯನ್ನು ಒತ್ತಿದರು. ನಾಲ್ಕು ಕಿಲೋ ದಾಟಿತು. ಎರಡು ಬೆರಳ ತುದಿಯಲ್ಲಿ ನಾಲ್ಕು ಕಿಲೋ, ಅದೂ ಒಂದೇ ರಚನೆಯಲ್ಲಿ ನೂರಾರು ಸಲ. ಹಿಟ್ಟು ತೂಗುವ ತಕ್ಕಡಿಯ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡೆ.

ಅವತ್ತು ಉಳಿದ ನಾಲ್ವರು ತಮ್ಮ ಭಾಗವನ್ನು ನುಡಿಸಿದರು. ಆಕೆ ಬಲಗೈ ಒಂದರಿಂದಲೇ ಸಾಧ್ಯವಾದಷ್ಟು ಸೇರಿಕೊಂಡರು. ಮೊದಲು ನನಗೆ ಏನೂ ಹಿಡಿಸಲಿಲ್ಲ. ಪಿಟೀಲುಗಳು ಒಂದಕ್ಕೊಂದು ಉಜ್ಜಿಕೊಂಡ ಹಾಗೆ, ನಡುವೆ ಕೋಟೋದ ಒಂಟಿ ಪೆಟ್ಟು, ಆಮೇಲೆ ಉದ್ದನೆಯ ಮೌನ. ಕುರ್ಚಿಯಲ್ಲಿ ಕೂತವಳಿಗೆ ಜೋಂಪು ಹತ್ತಿತು. ಎಚ್ಚರವಾದಾಗ ವಿಯೋಲಾ ಒಂದೇ ಸ್ವರವನ್ನು ಹಿಡಿದಿತ್ತು, ಆಕೆಯ ಎಡಗೈ ಗಾಳಿಯಲ್ಲಿ ಆ ಸ್ವರವನ್ನು ಮುಟ್ಟುವ ಹಾಗೆ ಮೆಲ್ಲಗೆ ಇಳಿಯುತ್ತಿತ್ತು. ತಂತಿಯನ್ನು ಮುಟ್ಟಲಿಲ್ಲ. ಮುಟ್ಟಬಾರದು ಎಂದು ನಾನೇ ಹೇಳಿದ್ದೆ.

ನನ್ನ ತಪ್ಪು ನಡೆದದ್ದು ಹತ್ತನೆಯ ವಾರ. ಆಕೆಯ ಜೊತೆ ಆ ರಚನೆಕಾರಳೂ ಕ್ಲಿನಿಕ್ಕಿಗೆ ಬಂದಳು. ಇವರ ಕೈಲಿ ಆಗುತ್ತದೋ ಇಲ್ಲವೋ ಹೇಳಿ, ಆಗದಿದ್ದರೆ ಆಕ್ಲೆಂಡಿನಿಂದ ಇನ್ನೊಬ್ಬರನ್ನು ಕರೆಸಬೇಕು, ಶುಕ್ರವಾರದೊಳಗೆ ತೀರ್ಮಾನವಾಗಬೇಕು ಎಂದಳು. ಅವಳ ಕಣ್ಣ ಕೆಳಗೂ ಕಪ್ಪಾಗಿತ್ತು. ಆಕೆ ತಮ್ಮ ಕೈಯನ್ನೇ ನೋಡುತ್ತ ಕೂತಿದ್ದರು. ಆ ದಿನ ನನಗೆ ಅವರು ಹನ್ನೊಂದನೆಯ ರೋಗಿ. ಹೊರಗೆ ಇನ್ನಿಬ್ಬರು ಕಾಯುತ್ತಿದ್ದರು. ಗೊತ್ತಿಲ್ಲ ಎನ್ನುವುದೇ ಸರಿಯಾದ ಉತ್ತರವಾಗಿತ್ತು, ಆದರೆ ಗೊತ್ತಿಲ್ಲ ಎಂದರೆ ಯಾಕೆ ಗೊತ್ತಿಲ್ಲ ಎನ್ನುವುದನ್ನು ಅರ್ಧ ಗಂಟೆ ವಿವರಿಸಬೇಕಿತ್ತು. ಆಗುತ್ತದೆ ಎಂದೆ. ದಿನಕ್ಕೆ ಹತ್ತು ನಿಮಿಷ ಒತ್ತಲು ಶುರು ಮಾಡಿ, ವಾರಕ್ಕೆ ಐದು ನಿಮಿಷ ಹೆಚ್ಚಿಸುತ್ತ ಹೋಗಿ ಎಂದು ಚೀಟಿಯಲ್ಲಿ ಬರೆದುಕೊಟ್ಟೆ.

ಒಂದು ವಾರ ಕಳೆದು ಅವರು ಬಂದಾಗ ಕೈ ಕೆಂಪಗೆ ಊದಿ ಹೊಳೆಯುತ್ತಿತ್ತು. ದಿನಕ್ಕೆ ಮೂರು ಗಂಟೆ ಒತ್ತಿದ್ದರು. ಡಾಕ್ಟರಿಗೆ ತೋರಿಸಿ ಮತ್ತೆ ಎಕ್ಸ್‌ರೇ ತೆಗೆಸಿದೆವು. ಮೂಳೆಗೆ ಏನೂ ಆಗಿರಲಿಲ್ಲ, ಆದರೆ ಅದರ ಸುತ್ತಲಿನದೆಲ್ಲ ಉರಿ ಹತ್ತಿತ್ತು. ಆರು ವಾರ ಏನನ್ನೂ ಒತ್ತುವಂತಿಲ್ಲ ಎಂದರು ಡಾಕ್ಟರು. ಕಛೇರಿಗೆ ಇದ್ದದ್ದು ಐದು ವಾರ. ಆಕ್ಲೆಂಡಿನವರು ಅಷ್ಟರಲ್ಲಿ ಬೇರೆಲ್ಲೋ ಒಪ್ಪಿಕೊಂಡಾಗಿತ್ತು.

ನಾನು ಬಾಗಿಲು ಹಾಕಿ ಬಂದು ಅವರ ಎದುರು ಕೂತು, ಇದು ನನ್ನ ತಪ್ಪು ಎಂದೆ. ಅವತ್ತು ನಾನು ಹಾಗೆ ಹೇಳಬಾರದಾಗಿತ್ತು.

ಅವರು, "ನೋವಾಗ್ತಿದೆ ಅಂತ ನಾನೂ ನಿಮಗೆ ಹೇಳಲಿಲ್ಲ" ಎಂದರು. ಆಮೇಲೆ ಕೇಳಿದರು, "ನೀವು ತಂತಿ ವಾದ್ಯ ಕಲಿತವರಲ್ಲವಾ?"

ಮಾತಿನ ನಡುವೆ ಯಾವಾಗಲೋ ವೀಣೆಯ ವಿಷಯ ಹೇಳಿದ್ದೆ. ಮೂವತ್ತು ವರ್ಷದ ಹಿಂದೆ ಎಂದೆ. ಕಲಿತದ್ದು ಕಿವಿಯಿಂದ ಹೋಗುವುದಿಲ್ಲ ಎಂದರು. ಅವರ ಯೋಚನೆ ಇಷ್ಟು: ಬಲಗೈ ಅವರದು. ಎಡಗಡೆ ಇನ್ನೊಬ್ಬರು ಕೂತು ಒತ್ತಬೇಕು. ಕೋಟೋ ಬಲ್ಲವರು ಊರಲ್ಲಿ ಇನ್ನಿಬ್ಬರಿದ್ದಾರೆ, ಇಬ್ಬರೂ ಅವರ ಶಿಷ್ಯರೇ, ಆದರೆ ಶುರು ಮಾಡಿ ವರ್ಷವೂ ಆಗಿಲ್ಲ. ಸ್ವರ ಎಲ್ಲಿ ನಿಲ್ಲಬೇಕು ಎಂದು ಅವರ ಕಿವಿಗೆ ಇನ್ನೂ ತಿಳಿಯುವುದಿಲ್ಲ. ನಾನು ನಕ್ಕೆ. ಅವರು ನಗಲಿಲ್ಲ.

ಮನೆಯಲ್ಲಿ ಹೇಳಿದಾಗ ನನ್ನ ಗಂಡ ಸಾರಿಗೆ ಒಗ್ಗರಣೆ ಹಾಕುತ್ತಿದ್ದವರು ಸೌಟು ಹಿಡಿದುಕೊಂಡೇ ತಿರುಗಿದರು.

"ನಿಂಗ್ಯಾಕೆ ಬೇಕಿತ್ತು ಇದೆಲ್ಲ? ಮನೆಗೆ ಬಂದ್ರೆ ಶೂ ಬಿಚ್ಚೋಕೂ ಆಗಲ್ಲ ಅಂತೀಯ."

"ತಪ್ಪು ಮಾಡಿದೀನಲ್ಲ" ಎಂದೆ.

"ತಪ್ಪು ಮಾಡಿದ್ರೆ ಸಾರಿ ಕೇಳ್ತಾರೆ. ವಾದ್ಯ ನುಡಿಸ್ತಾರಾ ಯಾರಾದ್ರೂ?"

ಹದಿನಾರು ವರ್ಷದ ಮಗಳು ಕಿವಿಯಿಂದ ಇಯರ್‌ಫೋನ್ ತೆಗೆದು, ಅಮ್ಮ ಈಸ್ ಇನ್ ಎ ಬ್ಯಾಂಡ್ ಎಂದು ಹೇಳಿ ಮತ್ತೆ ಹಾಕಿಕೊಂಡಳು.

ಬುಧವಾರ ಕೆಲಸ ಮುಗಿಸಿ, ಶನಿವಾರ ಬೆಳಿಗ್ಗೆ, ಹೀಗೆ ವಾರಕ್ಕೆರಡು ಸಲ ಆ ಹಾಲಿಗೆ ಹೋಗತೊಡಗಿದೆ. ಬುಧವಾರಗಳು ಕಷ್ಟವಾಗಿದ್ದವು. ದಿನವಿಡೀ ಬೇರೆಯವರ ಕೈ ಹಿಡಿದು ಬಗ್ಗಿಸಿ ಬಂದ ಬೆರಳುಗಳಿಂದ ಮತ್ತೆ ಒತ್ತುವುದು. ಕೋಟೋವನ್ನು ಸ್ಟ್ಯಾಂಡಿನ ಮೇಲಿಟ್ಟಿದ್ದರು. ಆಕೆ ಬಲತುದಿಯಲ್ಲಿ ಬೆರಳಿಗೆ ದಂತದ ಉಗುರು ತೊಟ್ಟು ಕೂರುತ್ತಿದ್ದರು, ಅವರ ಎಡಗಡೆ ಒಂದು ಗಿಡ್ಡ ಸ್ಟೂಲಿನ ಮೇಲೆ ನಾನು. ಪಾಶ್ಚಾತ್ಯ ಲಿಪಿಯನ್ನು ನಾನು ಓದಲಾರೆ. ಅದಕ್ಕೆ ಆಕೆ ತಂತಿಗೊಂದು ಸಂಖ್ಯೆ ಕೊಟ್ಟು ಉದ್ದನೆಯ ಹಾಳೆಯಲ್ಲಿ ಬರೆದುಕೊಟ್ಟರು. ಅದರ ಪಕ್ಕದಲ್ಲಿ ನಾನು ಕನ್ನಡದಲ್ಲಿ ಗುರುತು ಹಾಕಿಕೊಂಡೆ: ಒಂಬತ್ತು ಅರ್ಧ, ಆರು ಪೂರ್ತಿ, ಏಳು ನಿಧಾನ, ಬಿಡು. ಹಲವು ಕಡೆ ಉಸಿರು ಎಂದು ಬರೆದಿದ್ದೆ. ಮೀಟುವ ಮೊದಲು ಆಕೆ ಉಸಿರೆಳೆದುಕೊಳ್ಳುತ್ತಿದ್ದರು. ಅವರ ಭುಜ ಏಳುವುದನ್ನು ನೋಡಿಕೊಂಡರೆ ಹೊತ್ತು ತಪ್ಪುತ್ತಿರಲಿಲ್ಲ. ನೋಡುವುದನ್ನು ಮರೆತರೆ ಪ್ರತಿಸಲವೂ ತಪ್ಪುತ್ತಿತ್ತು.

ಎಲ್ಲವನ್ನೂ ನಾನು ಒತ್ತಲಾಗುವುದಿಲ್ಲ ಎಂದು ಮೊದಲ ದಿನವೇ ಗೊತ್ತಾಯಿತು. ಮೊದಲನೆಯ ಮತ್ತು ಮೂರನೆಯ ಭಾಗ ನನ್ನ ಕೈಗೆ ಬಹಳ ವೇಗ. ರಚನೆಕಾರಳು ಅವೆರಡನ್ನೂ ಹತ್ತು ದಿನದಲ್ಲಿ ತಿದ್ದಿ, ಏರುವ ಸ್ವರಗಳನ್ನೆಲ್ಲ ವಿಯೋಲಾಕ್ಕೆ ಕೊಟ್ಟಳು. ಅವಳಿಗೆ ಅದು ಸಂತೋಷದ ಕೆಲಸವಾಗಿರಲಿಲ್ಲ. ತಾನು ಬರೆದದ್ದರ ಮುಖವೇ ಹೋಯಿತು ಎಂದು ಒಮ್ಮೆ ಯಾರಿಗೂ ಅಲ್ಲದ ಹಾಗೆ ಹೇಳಿಕೊಂಡಳು. ನನಗೆ ಉಳಿದದ್ದು ನಡುವಿನ ನಿಧಾನದ ಭಾಗ.

ಅದರ ಮೊದಲ ಪುಟದಲ್ಲೇ ಒಂದು ತಕರಾರು ಹುಟ್ಟಿತು. ಆಕೆ ಆರನೆಯ ತಂತಿಯನ್ನು ಮೀಟಿದರು, ನಾನು ಒತ್ತಿದೆ, ಸ್ವರ ಏರಿ ನಿಂತಿತು. ನಿಂತಲ್ಲೇ ನನ್ನ ಬೆರಳು ತನ್ನಷ್ಟಕ್ಕೆ ತಾನು ಅದನ್ನು ಅಲುಗಿಸಿತು. ಹತ್ತು ವರ್ಷ ಗಮಕ ಕಲಿತ ಬೆರಳು. ಸ್ವರವನ್ನು ಸುಮ್ಮನೆ ನಿಲ್ಲಿಸಿಡುವುದು ಅದಕ್ಕೆ ಬರುವುದಿಲ್ಲ. ಪಿಟೀಲಿನವರು ತಲೆಯೆತ್ತಿ ನೋಡಿದರು.

"ಅಲುಗಿಸಬೇಡಿ" ಎಂದರು ಆಕೆ. "ಹೋಗಿ. ನಿಲ್ಲಿ. ಬನ್ನಿ. ಅಷ್ಟೇ."

ಆದರೆ ರಚನೆಕಾರಳು ಕುರ್ಚಿಯಿಂದ ಎದ್ದಿದ್ದಳು. ಅದು ಹಾಗೇ ಇರಲಿ, ಚೆನ್ನಾಗಿದೆ, ಇನ್ನೊಮ್ಮೆ ಮಾಡಿ ಎಂದಳು. ವಾರಗಟ್ಟಲೆ ಅವಳ ಮುಖದಲ್ಲಿ ನಾನು ಕಾಣದ ಗೆಲುವು ಅದು. ಅಲ್ಲಿ ಯಾವ ರಾಗ ಬರುತ್ತದೆ, ಇನ್ನೆಲ್ಲೆಲ್ಲಿ ಹೀಗೆ ಮಾಡಬಹುದು ಎಂದೆಲ್ಲ ಕೇಳತೊಡಗಿದಳು. ಆಕೆ ಬೆರಳಿನ ದಂತದ ಉಗುರುಗಳನ್ನು ಒಂದೊಂದಾಗಿ ಬಿಚ್ಚಿ ಡಬ್ಬಿಯಲ್ಲಿಟ್ಟು, ಕೋಟೋ ಹಾಗೆ ಮಾತಾಡುವುದಿಲ್ಲ ಎಂದರು. ದನಿ ಏರಿಸಿದರು ಎನ್ನುವಂತಿರಲಿಲ್ಲ, ಆದರೆ ಇದಾದ ಮೇಲೆ ಹಾಲಿನಲ್ಲಿ ಯಾರೂ ಸ್ವಲ್ಪ ಹೊತ್ತು ಕಮಾನು ಎತ್ತಲಿಲ್ಲ.

ರಚನೆಕಾರಳು ಪಟ್ಟು ಬಿಡಲಿಲ್ಲ. ಮುಂದಿನ ಶನಿವಾರ ಕಾರ್ಯಕ್ರಮದ ಹಾಳೆಯ ಕರಡು ತಂದಳು. ಅದರಲ್ಲಿ ಜಪಾನು, ಯೂರೋಪು, ಭಾರತ, ಮೂರು ಪರಂಪರೆಗಳು ಒಂದು ದ್ವೀಪದಲ್ಲಿ ಸೇರುತ್ತವೆ ಎಂದು ಬರೆದಿತ್ತು. ನಾನು ಅದನ್ನು ಎರಡು ಸಲ ಓದಿದೆ. ಯಾವ ಪರಂಪರೆಯ ಪರವಾಗಿಯೂ ನಾನು ಅಲ್ಲಿ ಬಂದು ಕೂತಿರಲಿಲ್ಲ. ಮೂವತ್ತು ವರ್ಷದ ಹಿಂದೆ ಬಿಟ್ಟ ವಿದ್ಯೆ. ಒಂದು ವರ್ಣವನ್ನು ಕೊನೆಯವರೆಗೆ ನುಡಿಸಲು ಹೇಳಿದರೆ ಬೆವರುತ್ತಿದ್ದೆ. ಒಬ್ಬರ ಕೈ ಮುರಿಯಿತು, ನಾನು ಅದನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ, ಅದಕ್ಕೆ ಇಲ್ಲಿದ್ದೇನೆ. ಇದನ್ನು ಹೊಡೆದುಹಾಕಿ ಎಂದೆ. ಅವಳಿಗೆ ನಿಜಕ್ಕೂ ಅರ್ಥವಾಗಲಿಲ್ಲ. ನಿಮಗೆ ಗೌರವ ಕೊಡಬೇಕೆಂದೇ ಬರೆದದ್ದು ಎಂದಳು. ಗೌರವ ಕೊಡುವವರಿಗೆ ಬೇಡ ಎಂದು ಹೇಳುವುದು ಇನ್ನೂ ಸುಸ್ತಿನ ಕೆಲಸ.

ಕೊನೆಗೆ ಆಕೆಯೇ ಹಾಳೆಯನ್ನು ತೆಗೆದುಕೊಂಡು, "ಇವರು ನನ್ನ ಎಡಗೈ. ಅಷ್ಟು ಬರೆಯಿರಿ ಸಾಕು" ಎಂದರು.

ಅಚ್ಚಾಗಿ ಬಂದಾಗ ಕೆಳಗೆ, ಸಣ್ಣ ಅಕ್ಷರದಲ್ಲಿ, ಎಡಗೈ ಎಂದು ಬರೆದು ಪಕ್ಕದಲ್ಲಿ ನನ್ನ ಹೆಸರಿತ್ತು.

ಅಲುಗಿಸದೆ ಒತ್ತುವುದನ್ನು ಕಲಿಯಲು ನನಗೆ ಮೂರು ವಾರ ಬೇಕಾಯಿತು. ಬೆರಳ ತುದಿ ಮೊದಲು ಬೊಬ್ಬೆ ಬಂದು ಆಮೇಲೆ ಗಟ್ಟಿಯಾಯಿತು. ಕ್ಲಿನಿಕ್ಕಿನಲ್ಲಿ ರೋಗಿಗಳ ಚರ್ಮ ಮುಟ್ಟಿದರೆ ಮೊದಲಿನ ಹಾಗೆ ಬಿಸಿ ತಣ್ಣಗೆ ತಿಳಿಯುತ್ತಿರಲಿಲ್ಲ. ಊತ ನೋಡುವಾಗ ಆ ಬೆರಳುಗಳನ್ನು ಬಿಟ್ಟು ಕೈ ಹಿಂಭಾಗದಿಂದ ಮುಟ್ಟಿ ನೋಡುವುದನ್ನು ರೂಢಿ ಮಾಡಿಕೊಂಡೆ. ಒಂದು ಬುಧವಾರ ರೈಲು ತಡವಾಗಿ, ಬಸ್ಸು ತಪ್ಪಿ, ಹಾಲಿಗೆ ಗುಡ್ಡ ಹತ್ತಿಕೊಂಡು ಹೋಗುವಾಗ ಅರ್ಧದಲ್ಲಿ ನಿಂತುಬಿಟ್ಟೆ. ಕೆಳಗೆ ಬಂದರು ಕಾಣುತ್ತಿತ್ತು, ಎದುರುಗಾಳಿ. ವಾಪಸು ಹೋಗಿ ಮಲಗಿದರೆ ಯಾರೂ ಏನೂ ಅನ್ನುವುದಿಲ್ಲ ಎನಿಸಿತು. ಐದು ನಿಮಿಷ ಹಾಗೇ ನಿಂತಿದ್ದು ಮತ್ತೆ ಹತ್ತಿದೆ. ಅದರಲ್ಲಿ ದೊಡ್ಡ ನಿರ್ಧಾರವೇನೂ ಇರಲಿಲ್ಲ. ಹತ್ತುವ ದಾರಿ ಇಳಿಯುವ ದಾರಿಗಿಂತ ಸ್ವಲ್ಪ ಕಡಿಮೆ ಉಳಿದಿತ್ತು, ಅಷ್ಟೇ.

ಒಳಗೆ ಹೋದಾಗ ಆಕೆ ಒಬ್ಬರೇ ಇದ್ದರು. ಉಳಿದವರು ಅವತ್ತು ಬಂದಿರಲಿಲ್ಲ. ನನ್ನ ಮುಖ ನೋಡಿ ಅವರು ವಾದ್ಯದ ಹತ್ತಿರ ಕರೆಯಲಿಲ್ಲ. ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟರು. ಈ ದೇಶಕ್ಕೆ ಬಂದ ಮೊದಲ ವರ್ಷಗಳಲ್ಲಿ ಹಬ್ಬಗಳಿಗೆ, ಶಾಲೆಗಳಿಗೆ ತನ್ನನ್ನು ಕರೆಯುತ್ತಿದ್ದರು, ಎಲ್ಲರಿಗೂ ಗೊತ್ತಿರುವ ಒಂದೇ ಹಾಡನ್ನು ಕೇಳುತ್ತಿದ್ದರು, ಕಿಮೋನೋ ಉಟ್ಟುಕೊಂಡು ಬನ್ನಿ ಎನ್ನುತ್ತಿದ್ದರು ಎಂದು ಹೇಳಿದರು. ಆಮೇಲೆ ಅದೂ ನಿಂತಿತು. ಗಂಡನ ಕಾಯಿಲೆಯ ವರ್ಷಗಳಲ್ಲಿ ವಾದ್ಯಕ್ಕೆ ಬಟ್ಟೆ ಹೊದಿಸಿ ಗೋಡೆಗೆ ಒರಗಿಸಿಟ್ಟಿದ್ದರಂತೆ. ಅವರು ಇದನ್ನೆಲ್ಲ ದುಃಖದಿಂದ ಹೇಳಲಿಲ್ಲ, ಬಸ್ಸಿನ ವೇಳಾಪಟ್ಟಿ ಹೇಳುವ ಹಾಗೆ ಹೇಳಿದರು. ಅವತ್ತು ನಾವು ನುಡಿಸಲೇ ಇಲ್ಲ. ಟೀ ಮುಗಿಸಿ, ದೀಪ ಆರಿಸಿ, ಒಟ್ಟಿಗೆ ಗುಡ್ಡ ಇಳಿದೆವು.

ಕಛೇರಿ ಒಂದು ಭಾನುವಾರ ಮಧ್ಯಾಹ್ನ ಮೂರಕ್ಕೆ, ಪೇಟೆಯ ಒಂದು ಹಳೆಯ ಚರ್ಚಿನಲ್ಲಿ. ಅರವತ್ತು ಜನ ಇದ್ದಿರಬಹುದು, ಅರ್ಧದಷ್ಟು ನುಡಿಸುವವರ ಮನೆಯವರೇ. ನನ್ನ ಗಂಡ ಮತ್ತು ಮಗಳು ಮೂರನೆಯ ಸಾಲಿನಲ್ಲಿ ಕೂತಿದ್ದರು. ಹೊರಗೆ ಗಾಳಿ ಕಿಟಕಿಗಳನ್ನು ಅಲ್ಲಾಡಿಸುತ್ತಿತ್ತು. ಮೊದಲ ಭಾಗದಲ್ಲಿ ನಾನು ಕೈ ಕಟ್ಟಿಕೊಂಡು ಸುಮ್ಮನೆ ಕೂತಿದ್ದೆ. ಅದು ಮುಗಿದ ಮೇಲೆ ಐದು ಕುದುರೆಗಳನ್ನು ಸರಿಸಿ ಶ್ರುತಿ ಬದಲಿಸಬೇಕಿತ್ತು. ಆಕೆ ಸರಿಸುತ್ತಿದ್ದರೆ ನಾನು ಅಲುಗದಂತೆ ಹಿಡಿದುಕೊಂಡೆ. ಆಕೆಯ ಎಡಗೈ ನಾನೇ ಮಾಡಿಕೊಟ್ಟಿದ್ದ ಪಟ್ಟಿಯೊಳಗೆ, ಮಡಿಲಲ್ಲಿತ್ತು.

ಎರಡನೆಯ ಭಾಗದಲ್ಲಿ ಎರಡು ಸಲ ತಡವಾಗಿ ಒತ್ತಿದೆ. ಒಮ್ಮೆ ಏಳರ ಬದಲು ಎಂಟನ್ನು ಒತ್ತಿದೆ. ಸೇರದ ಸ್ವರವೊಂದು ಚರ್ಚಿನ ತುಂಬ ಕೇಳಿಸಿತು. ಚೆಲ್ಲೋ ನುಡಿಸುತ್ತಿದ್ದ ವಯಸ್ಸಾದ ಗಂಡಸು ತನ್ನ ಬೆರಳನ್ನು ಒಂಚೂರು ಜಾರಿಸಿ ಆ ಸ್ವರದ ಹತ್ತಿರ ಬಂದು, ಅದು ಹಾಗೇ ಇರಬೇಕಿತ್ತೇನೋ ಎನ್ನುವಂತೆ ಮಾಡಿ ಮುಂದೆ ಹೋದ. ಸಂಗೀತ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನಾನು ಹೇಳಲಾರೆ. ನಾನು ಎಣಿಸುತ್ತಿದ್ದೆ. ಭುಜ ನೋಡುತ್ತಿದ್ದೆ. ಹೆಬ್ಬೆರಳ ಬುಡ ನೋಯುತ್ತಿತ್ತು.

ಒಂದು ಜಾಗ ಮಾತ್ರ ನೆನಪಿದೆ. ಅಲ್ಲಿ ನಾಲ್ವರೂ ನಿಲ್ಲಿಸುತ್ತಾರೆ. ಆಕೆ ಒಂಬತ್ತನೆಯ ತಂತಿಯನ್ನು ಒಮ್ಮೆ ಮೀಟುತ್ತಾರೆ. ವಿಯೋಲಾ ಮೆಲ್ಲಗೆ ಒಂದು ಸ್ವರ ಹಿಡಿಯುತ್ತದೆ, ನಾನು ತಂತಿಯನ್ನು ಒತ್ತುತ್ತ ಅದರ ಕಡೆಗೆ ಹೋಗಬೇಕು. ಹತ್ತಿರ ಹೋದಾಗ ಎರಡು ನಾದಗಳೂ ಒಂದಕ್ಕೊಂದು ತಾಗಿ ಅಲೆಯಲೆಯಾಗಿ ನಡುಗುತ್ತವೆ. ಒತ್ತಿದೆ. ಅಲೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ಶ್ರುತಿ ಸೇರಿತು. ಯಾವುದು ವಿಯೋಲಾ, ಯಾವುದು ಕೋಟೋ ಎಂದು ತಿಳಿಯದ ಮೂರು ನಾಲ್ಕು ಕ್ಷಣ. ಬೆರಳು ಅಲುಗಲಿಲ್ಲ. ಆಮೇಲೆ ತಂತಿಯ ನಾದ ಅಡಗಿತು, ನಾನು ಕೈ ಎತ್ತಿದೆ.

ಮುಗಿದ ಮೇಲೆ ಜನ ಚಪ್ಪಾಳೆ ತಟ್ಟಿದರು, ಹಿಂದಿನ ಕೋಣೆಯಲ್ಲಿ ಟೀ, ಸ್ಯಾಂಡ್‌ವಿಚ್ ಇಟ್ಟಿದ್ದರು. ಮಗಳು ಬಂದು, ಲಾಂಗ್ ಆಗಿತ್ತು, ಬಟ್ ಯು ವರ್ ಓಕೆ ಎಂದಳು. ಅವಳ ಕಡೆಯಿಂದ ಅದು ದೊಡ್ಡ ಮಾತು. ಗಂಡ ನನ್ನ ಬ್ಯಾಗು ಹಿಡಿದುಕೊಂಡು ಕಾರಿನ ಹತ್ತಿರ ಹೋದರು. ರಚನೆಕಾರಳು ಯಾರ ಜೊತೆಗೋ ಮಾತಾಡುತ್ತಿದ್ದಳು. ದೂರದಿಂದಲೇ ಕೈ ಎದೆಗಿಟ್ಟುಕೊಂಡು ತಲೆ ಬಾಗಿಸಿದಳು. ಆಕೆ ಮೂಲೆಯ ಕುರ್ಚಿಯಲ್ಲಿ ಕೂತು ಕಾಗದದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಪಕ್ಕದಲ್ಲಿ ಕೂತೆ. ಆಮೇಲೆ ಅವರು ತಮ್ಮಷ್ಟಕ್ಕೆ ಎಂಬಂತೆ ಹೇಳಿದರು:

"ನಿಜ ಹೇಳಬೇಕು ಅಂದರೆ, ನನಗೆ ಈ ರಚನೆ ಅಷ್ಟೇನೂ ಇಷ್ಟವಾಗಲಿಲ್ಲ."

ಮತ್ಯಾಕೆ ಇಷ್ಟೆಲ್ಲ ಮಾಡಿದಿರಿ ಎಂದೆ.

"ನನ್ನನ್ನು ಕೇಳಿದ್ದರು. ಹನ್ನೊಂದು ವರ್ಷ ಆಗಿತ್ತು, ಯಾರೂ ನನ್ನನ್ನು ಏನೂ ಕೇಳಿರಲಿಲ್ಲ."

ತಮ್ಮ ತಟ್ಟೆಯಲ್ಲಿದ್ದ ಸ್ಯಾಂಡ್‌ವಿಚ್ಚನ್ನು ಒಂದೇ ಕೈಯಲ್ಲಿ ಮುರಿಯಲಾಗದೆ ಒದ್ದಾಡುತ್ತಿದ್ದರು. ನಾನು ಮುರಿದುಕೊಟ್ಟೆ.

ಮಾರನೆಯ ದಿನ ಸೋಮವಾರ. ಕ್ಲಿನಿಕ್ಕಿನಲ್ಲಿ ಹದಿಮೂರು ಜನ. ಮೂರನೆಯವಳ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಆಕೆಯ ಚಿಕಿತ್ಸೆ ಇನ್ನೂ ಮೂರು ತಿಂಗಳು ನಡೆಯಿತು. ಕೈ ಬಹುಮಟ್ಟಿಗೆ ಸರಿಹೋಯಿತು. ಮಣಿಕಟ್ಟು ಪೂರ್ತಿ ಹಿಂದಕ್ಕೆ ಬಾಗಲಿಲ್ಲ. ಅರ್ಧ ಸ್ವರ ಒತ್ತಬಲ್ಲರು, ಪೂರ್ತಿ ಸ್ವರ ಇನ್ನು ಅವರಿಂದಾಗುವುದಿಲ್ಲ. ಇದನ್ನು ಹೇಳಬೇಕಾದ ದಿನ ನಾನು ಬೇರೆ ರೋಗಿಗಳನ್ನು ಮೊದಲು ಮುಗಿಸಿ ಅರ್ಧ ಗಂಟೆ ಖಾಲಿ ಇಟ್ಟುಕೊಂಡಿದ್ದೆ. ಹೇಳಲು ಎರಡು ನಿಮಿಷ ಸಾಕಾಯಿತು. ಉಳಿದ ಹೊತ್ತು ನಾವಿಬ್ಬರೂ ಕಿಟಕಿಯಾಚೆ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದವರನ್ನು ನೋಡುತ್ತ ಕೂತೆವು. ಆಮೇಲೆ ಅವರು ತಮ್ಮ ಮಗಳ ಹತ್ತಿರ ಇರಲು ದಕ್ಷಿಣ ದ್ವೀಪದ ನೆಲ್ಸನ್ನಿಗೆ ಹೋದರು. ಅಲ್ಲಿ ಬಿಸಿಲು ಹೆಚ್ಚು, ಮೆಟ್ಟಿಲು ಕಡಿಮೆ.

ಅದಾಗಿ ಒಂದು ವರ್ಷಕ್ಕೆ ಆಕ್ಲೆಂಡಿನ ಹೊರವಲಯದ ಪಾಪಟೋಟೊಯಿಯಲ್ಲಿರುವ ನನ್ನ ಗಂಡನ ಅಕ್ಕನ ಮನೆಗೆ ಹೋಗಿದ್ದೆವು. ಅದೇ ವಾರ ಆಕ್ಲೆಂಡಿನಲ್ಲಿ ಆ ರಚನೆಯನ್ನು ಮತ್ತೆ ನುಡಿಸುತ್ತಾರೆ ಎಂದು ರಚನೆಕಾರಳ ಇಮೇಲ್ ಬಂದಿತ್ತು. ಮಧ್ಯಾಹ್ನದ ಊಟವಾದ ಮೇಲೆ ರೈಲು ಹಿಡಿದು ಒಬ್ಬಳೇ ಹೋದೆ. ಈ ಸಲ ಕೋಟೋ ನುಡಿಸಿದವಳು ಮೂವತ್ತರೊಳಗಿನ ಹುಡುಗಿ, ಗಟ್ಟಿ ಕೈ, ತಪ್ಪೇ ಇಲ್ಲ. ಎರಡನೆಯ ಭಾಗದಲ್ಲಿ ಆರನೆಯ ತಂತಿ ಏರಿ ನಿಂತು, ನಿಂತಲ್ಲಿ ಅಲುಗಿತು. ಮುಂದಿನ ಪುಟದಲ್ಲಿ ಮತ್ತೆ. ಈಗ ಅದು ಬರಹದಲ್ಲೇ ಇತ್ತು. ಅವತ್ತು ನನ್ನ ಬೆರಳು ತಪ್ಪಿ ಮಾಡಿದ್ದನ್ನು ಆ ಹುಡುಗಿ ಅಳತೆಯಿಟ್ಟು, ಚೊಕ್ಕಟವಾಗಿ ಮಾಡಿದಳು.

ಮುಗಿದ ಮೇಲೆ ರಚನೆಕಾರಳು ನನ್ನನ್ನು ಹುಡುಕಿಕೊಂಡು ಬಂದಳು. ನಿಮ್ಮದು ಕೇಳಿಸಿತಾ ಎಂದು ಕೇಳಿದಳು. ಕೇಳಿಸಿತು ಎಂದೆ. ಕೋಟೋ ಹಾಗೆ ಮಾತಾಡುವುದಿಲ್ಲ ಎಂದು ಅವರು ಹೇಳಿದ್ದರಲ್ಲ ಎನ್ನಬೇಕು ಎನಿಸಿತು. ಅವಳು ನಿದ್ದೆಗೆಟ್ಟ ಕಣ್ಣಲ್ಲಿ ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ಬರೆದವಳು ಅವಳು. ಅವಳಿಗೆ ಚೆನ್ನಾಗಿ ಕೇಳಿಸಿದ್ದನ್ನು ಅವಳು ಇಟ್ಟುಕೊಂಡಳು. ಅದು ಯಾರದು ಎನ್ನುವ ವಾದಕ್ಕೆ ನನ್ನಲ್ಲಿ ಶಕ್ತಿ ಇರಲಿಲ್ಲ, ಹಕ್ಕು ಇತ್ತೋ ಇಲ್ಲವೋ ಅದೂ ಗೊತ್ತಿರಲಿಲ್ಲ. ಚೆನ್ನಾಗಿತ್ತು ಎಂದು ಹೇಳಿ ಬಂದೆ.

ಆ ಬೇಸಿಗೆಯಲ್ಲಿ ರಜೆಗೆ ನೆಲ್ಸನ್ ಕಡೆ ಹೋದಾಗ ಒಂದು ಬೆಳಿಗ್ಗೆ ಆಕೆಯನ್ನು ನೋಡಲು ಹೋದೆ. ಮಗಳ ಮನೆಯ ಹಿತ್ತಿಲಲ್ಲಿ ಹುರುಳಿಕಾಯಿ ಬಿಡಿಸುತ್ತ ಕೂತಿದ್ದರು. ಕೋಟೋ ಎಲ್ಲಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾನೂ ಕಾಯಿ ಬಿಡಿಸುತ್ತ ಆಕ್ಲೆಂಡಿನ ಕಛೇರಿಯ ವಿಷಯ ಹೇಳಿದೆ. ಅಲುಗಿಸಿದ್ದನ್ನೂ ಹೇಳಿದೆ. ಅವರಿಗೆ ಬೇಸರವಾಗಬಹುದು ಎಂದು ಸ್ವಲ್ಪ ಹಿಂಜರಿದೇ ಹೇಳಿದ್ದು.

ಅವರ ಕೈ ನಿಲ್ಲಲಿಲ್ಲ. "ಆ ಹುಡುಗಿ ಚೆನ್ನಾಗಿ ಮಾಡಿದಳಾ?" ಎಂದು ಕೇಳಿದರು.

ನನಗಿಂತ ಚೆನ್ನಾಗಿ ಮಾಡಿದಳು ಎಂದೆ.

"ಹಾಗಾದರೆ ಸರಿ" ಎಂದರು. ಅದು ಒಪ್ಪಿಗೆಯೋ ಸುಸ್ತೋ ಅವರ ಮುಖದಲ್ಲಿ ತಿಳಿಯಲಿಲ್ಲ. ನನಗೆ ಅವೆರಡರ ನಡುವಿನ ವ್ಯತ್ಯಾಸ ಆ ಹೊತ್ತಿಗೆ ಅಷ್ಟು ಸ್ಪಷ್ಟವಾಗಿ ಉಳಿದಿರಲಿಲ್ಲ.

ಕಾಯಿ ಮುಗಿದ ಮೇಲೆ, ರಜೆಯಲ್ಲಿದ್ದೀರಿ, ಕೇಳಬಾರದು, ಆದರೆ ಈ ಬಲಗೈ ಹೆಬ್ಬೆರಳನ್ನು ಒಮ್ಮೆ ನೋಡುತ್ತೀರಾ ಎಂದು ಕೈ ಮುಂದೆ ಮಾಡಿದರು. ನೋಡಿದೆ. ಬುಡದ ಕೀಲು ಸವೆದಿತ್ತು, ವಯಸ್ಸಿನದು. ಸಣ್ಣದೊಂದು ಪಟ್ಟಿ ಮಾಡಿ ಅಂಚೆಯಲ್ಲಿ ಕಳಿಸುತ್ತೇನೆ ಎಂದೆ. ಅಳತೆಗೆ ಟೇಪು ಇರಲಿಲ್ಲ. ಅಡುಗೆಮನೆಯಿಂದ ಒಂದು ದಾರದ ತುಂಡು ತಂದು ಅವರ ಹೆಬ್ಬೆರಳ ಸುತ್ತ ಕಟ್ಟಿ, ಗಂಟು ಹಾಕಿ, ಕಳಚಿ ಜೇಬಿನಲ್ಲಿಟ್ಟುಕೊಂಡೆ.